ಸುರುಳಿಯ ಕೆಳಗೆ ಜೋಡಿಸಿದ ಗೆರೆ ಇದೆ. ಮುರಿದ ಪಿಟೀಲಾ ಇದು?

ಸಂಜೆರಾಗ

ಸೋದರಮಾವನ ಹಳೇ ಪಿಟೀಲು ನನ್ನ ಕೈಗೆ ಬಂದಿದೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಬಿದ್ದಿತ್ತು. ಹೊಸ ತಂತಿ ಹಾಕಿಸಿ ಎರಡು ತಿಂಗಳಿಂದ ನುಡಿಸುತ್ತಿದ್ದೇನೆ. ದನಿ ಚೆನ್ನಾಗಿದೆ, ದಪ್ಪ ತಂತಿಯಲ್ಲಂತೂ ಕೊರಳ ಮೂಳೆಗೆ ತಾಗುವ ಹಾಗೆ ಗುಂಯ್ ಅನ್ನುತ್ತದೆ. ಆದರೆ ನನ್ನ ಪ್ರಶ್ನೆ ದನಿಯದ್ದಲ್ಲ.

ಬಿರಡೆ ಸಿಕ್ಕಿಸುವ ಪೆಟ್ಟಿಗೆ ಇದೆಯಲ್ಲ, ಕುತ್ತಿಗೆಯ ತುದಿಯಲ್ಲಿ ಕೆತ್ತಿದ ಸುರುಳಿಯ ಕೆಳಗೆ, ಅದರ ಎರಡೂ ಪಕ್ಕದ ಗೋಡೆಗಳ ಮೇಲೆ ಓರೆಯಾಗಿ ಒಂದೊಂದು ಗೆರೆ ಇದೆ. ಕೂದಲೆಳೆಯಷ್ಟು ಸಣ್ಣದು. ಹಿಂದಕ್ಕೆ ತಿರುಗಿಸಿದರೆ ಎರಡೂ ಬಂದು ಸೇರುವುದು ಕಾಣುತ್ತದೆ. ಉಗುರು ಆಡಿಸಿದರೆ ಏನೂ ತಾಗುವುದಿಲ್ಲ, ಕಣ್ಣಿಗೆ ಮಾತ್ರ ಗೊತ್ತಾಗುತ್ತದೆ. ಜೊತೆಯಲ್ಲಿ ನುಡಿಸುವ ಗೆಳೆಯ ನೋಡಿದ ತಕ್ಷಣ "ಕುತ್ತಿಗೆ ಮುರಿದು ಅಂಟಿಸಿದ್ದಾರೆ ಕಣೋ, ಇದಕ್ಕೆ ಜಾಸ್ತಿ ದುಡ್ಡು ಸುರಿಯಬೇಡ" ಅಂದ. ಇನ್ನೊಬ್ಬರು "ಆ ಗೆರೆ ಇದ್ದರೇ ಒಳ್ಳೆಯದು" ಅಂದರು, ಯಾಕೆ ಅಂತ ಹೇಳದೆ ಹೊರಟರು. ಯಾವುದು ಸರಿ?

ಒಳಗೆ ಚೀಟಿಯೂ ಇದೆ: ‘ಆಂಟೋನಿಯಸ್ ಸ್ಟ್ರಾಡಿವೇರಿಯಸ್ ಕ್ರೆಮೊನೆನ್ಸಿಸ್ ಫಾಸಿಯೆಬಾಟ್ ಆನ್ನೊ 1721’. ಅಂದರೆ ಪಿಟೀಲು ಕಸುಬುದಾರರಲ್ಲೇ ಅತಿ ಹೆಸರಾಂತ, ಇಟಲಿಯ ಕ್ರೆಮೊನಾದ ಸ್ಟ್ರಾಡಿವೇರಿ 1721ರಲ್ಲಿ ಮಾಡಿದ್ದು ಅಂತ. ನಗಬೇಡಿ. ಅದನ್ನು ನಾನು ನಂಬಿಲ್ಲ, ಪೂರ್ತಿ ಹೇಳಬೇಕಲ್ಲ ಅಂತ ಹೇಳಿದೆ.

ಇನ್ನೊಂದು ಸಣ್ಣ ವಿಷಯ. ಪೆಟ್ಟಿಗೆಯಲ್ಲಿ ಎರಡು ಕಮಾನು ಇದ್ದವು. ಒಂದು ಇತ್ತೀಚಿನದು, ಅದರಲ್ಲೇ ನುಡಿಸುತ್ತಿರುವುದು. ಇನ್ನೊಂದರ ಕೂದಲನ್ನೆಲ್ಲ ಹುಳ ತಿಂದು ನಾಲ್ಕೈದು ಎಳೆ ಜೋತಾಡುತ್ತಿವೆ. ಕೋಲಿನ ಬುಡದಲ್ಲಿ ‘ಟೂರ್ಟ್’ ಅಂತ ಒತ್ತಿದ ಅಕ್ಷರ ಇದೆ. ಅದನ್ನು ಎಸೆದುಬಿಡಬಹುದು ಅಲ್ವಾ?

ಮರಗೆಲಸದವ

ಕಮಾನು ಎಸೆಯಬೇಡಿ. ಅದರ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತಿರುವವರು ಇಲ್ಲಿದ್ದಾರೆ, ಅವರು ಹೇಳಲಿ. ನಾನು ರಿಪೇರಿ ಮಾಡುವುದು ಪಿಟೀಲಿನ ಮೈ ಮಾತ್ರ.

ನಿಮ್ಮ ಗೆಳೆಯ ತಪ್ಪು ತಿಳಿದಿದ್ದಾರೆ. ಅಥವಾ ತಪ್ಪು ತಿಳಿದಿರುವ ಸಾಧ್ಯತೆ ಜಾಸ್ತಿ ಅನ್ನೋಣ. 1800ರ ಆಚೀಚೆ ತನಕ ಪಿಟೀಲಿನ ಕುತ್ತಿಗೆ ಈಗಿನದಕ್ಕಿಂತ ಸ್ವಲ್ಪ ಗಿಡ್ಡ ಇರುತ್ತಿತ್ತು, ಮೈಗೆ ಹೆಚ್ಚು ಕಡಿಮೆ ನೇರವಾಗಿ ಕೂರುತ್ತಿತ್ತು, ಮತ್ತು ಅದನ್ನು ಒಳಗಿನ ಕಟ್ಟೆಯಿಂದ ಮೊಳೆ ಹೊಡೆದು ನಿಲ್ಲಿಸುತ್ತಿದ್ದರು. ಹೌದು, ಮೊಳೆ. ಸ್ಟ್ರಾಡಿವೇರಿ ಕೂಡ ಮೊಳೆಯನ್ನೇ ಹೊಡೆಯುತ್ತಿದ್ದ. ಆಮೇಲೆ ಕಛೇರಿಗಳು ಅರಮನೆಯ ಕೋಣೆಯಿಂದ ದೊಡ್ಡ ಸಭಾಂಗಣಕ್ಕೆ ಬಂದವು, ಶ್ರುತಿ ಏರಿತು, ತಂತಿಯ ಬಿಗಿ ಹೆಚ್ಚಿತು. ಕುತ್ತಿಗೆ ಉದ್ದ ಆಗಬೇಕಾಯಿತು, ಹಿಂದಕ್ಕೆ ಬಾಗಬೇಕಾಯಿತು. ಮಾಡುವುದೇನು? ಕುತ್ತಿಗೆಯನ್ನು ಬಿಸಾಡಬಹುದು. ಸುರುಳಿಯನ್ನು ಬಿಸಾಡುವ ಹಾಗಿಲ್ಲ, ಅದು ಕಸುಬುದಾರನ ಸಹಿ ಇದ್ದ ಹಾಗೆ. ಹಾಗಾಗಿ ಬಿರಡೆ ಪೆಟ್ಟಿಗೆಯ ಬುಡದಲ್ಲಿ ಕೊಯ್ದು, ಹಳೇ ಸುರುಳಿಗೆ ಹೊಸ ಮೇಪಲ್ ಕುತ್ತಿಗೆಯನ್ನು ಕಸಿ ಕಟ್ಟಿದರು. ಈವತ್ತು ನೀವು ವೇದಿಕೆಯ ಮೇಲೆ ನೋಡುವ ಸ್ಟ್ರಾಡಿವೇರಿ, ಗ್ವರ್ನೇರಿ, ಅಮಾಟಿ ಅನ್ನುವ ಹಳೇ ಇಟಲಿ ಕಸುಬುದಾರರ ಪಿಟೀಲುಗಳಲ್ಲಿ ಹೆಚ್ಚುಕಡಿಮೆ ಎಲ್ಲದರ ಕುತ್ತಿಗೆಯೂ ಹೀಗೆ ಕಸಿ ಮಾಡಿದ್ದೇ.

ಅಂದರೆ ಆ ಗೆರೆಯ ಅರ್ಥ, ಯಾರೋ ಒಬ್ಬರಿಗೆ ಈ ಸುರುಳಿ ಉಳಿಸಿಕೊಳ್ಳಬೇಕು ಅನ್ನಿಸಿತ್ತು ಅಂತ. ಕುತ್ತಿಗೆ ಸವೆದು ಹೋದಾಗಲೂ ಇದನ್ನೇ ಮಾಡುತ್ತೇವೆ, ನಾನೇ ಮಾಡಿದ್ದೇನೆ. ಎರಡು ಮರವೂ ಒಂದೇ ಒಂದು ಬೆಳಕಿನ ಸೀಳು ಬಿಡದ ಹಾಗೆ ಕೂರಬೇಕು. ಸೀಮೆಸುಣ್ಣ ಸವರಿ ಕೂರಿಸಿ ನೋಡುವುದು, ಬಿಳಿ ತಾಗಿದ ಕಡೆ ಮಾತ್ರ ಒಂದು ಎಳೆ ಕೆತ್ತುವುದು, ಮತ್ತೆ ಸವರುವುದು. ಒಂದು ದಿನ ಇಡೀ ಇಷ್ಟೇ ಕೆಲಸ. ನಿಮ್ಮ ಉಗುರಿಗೆ ಸಿಗುತ್ತಿಲ್ಲ ಅಂದರೆ ಮಾಡಿದವನ ಕೈ ಚೆನ್ನಾಗಿತ್ತು.

ಆದರೆ ಒಂದು ಮೋಸ ಇದೆ. ಹಳೆಯದರಂತೆ ಕಾಣಲಿ ಅಂತ ಅಗ್ಗದ ಪಿಟೀಲಿಗೆ ಸುಮ್ನೆ ಒಂದು ಗೆರೆ ಗೀರಿ ಬಣ್ಣ ತುಂಬುತ್ತಿದ್ದರು. ಕಂಡುಹಿಡಿಯುವುದು ಸುಲಭ. ಮೇಪಲ್ ಮರದ ಮೇಲೆ ಹುಲಿಪಟ್ಟೆ ತರಹ ಅಡ್ಡ ಅಲೆಗಳು ಇರುತ್ತವಲ್ಲ, ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಪಟ್ಟೆ ಗೆರೆಯ ಹತ್ತಿರ ನಿಂತು ಆಚೆ ಬೇರೆ ತರಹ ಶುರುವಾದರೆ ಎರಡು ಮರ. ಪಟ್ಟೆ ಏನೂ ಆಗದ ಹಾಗೆ ಗೆರೆ ದಾಟಿ ಹೋದರೆ ಒಂದೇ ಮರ, ಗೆರೆ ನಾಟಕ. ಬಿರಡೆ ಪೆಟ್ಟಿಗೆಯ ಒಳಗೂ ನೋಡಿ, ನಿಜವಾದ ಕಸಿಯಲ್ಲಿ ತಳದ ಮರ ಬೇರೆ, ಗೋಡೆಯ ಮರ ಬೇರೆ ಇರುತ್ತದೆ.

ನಿಜವಾದ ಕಸಿ ಇದ್ದರೂ ಅದು 1800ಕ್ಕಿಂತ ಹಳೆಯದು ಅಂತ ಕುಣಿಯಬೇಡಿ. 19ನೇ ಶತಮಾನದ ಒಳ್ಳೆಯ ನಕಲುಗಾರರು ಹೊಸ ಪಿಟೀಲಿಗೂ ನಿಜವಾಗಿಯೇ ಕೊಯ್ದು ಕಸಿ ಕಟ್ಟುತ್ತಿದ್ದರು. ಅಷ್ಟು ಹಟ.

ಚೀಟಿ ವಿಷಯ. ಆ ಚೀಟಿಯನ್ನು ಫ್ರಾನ್ಸಿನ ಮಿರೆಕೂರ್, ಜರ್ಮನಿಯ ಮಾರ್ಕ್‌ನ್ಯೂಕಿರ್ಷನ್ ಕಡೆಯಿಂದ ರಾಶಿಗಟ್ಟಲೆ ಅಂಟಿಸಿ ಕಳಿಸಿದ್ದಾರೆ. ಅಲ್ಲಿ ಒಂದು ಮನೆಯವರು ಸುರುಳಿ ಮಾತ್ರ ಕೆತ್ತುತ್ತಿದ್ದರು, ಇನ್ನೊಂದು ಮನೆಯವರು ಮೈ, ಮತ್ತೊಬ್ಬರು ವಾರ್ನಿಷ್. ಕೊಳ್ಳುವವರಿಗೆ ಇದು ಸ್ಟ್ರಾಡಿವೇರಿ ಮಾದರಿಯದು ಅಂತ ತಿಳಿಸುವುದಕ್ಕೂ ಆ ಚೀಟಿ ಹಾಕುತ್ತಿದ್ದರು, ಎಲ್ಲವೂ ಮೋಸ ಅಲ್ಲ. ನಿಮ್ಮದರಲ್ಲಿ ಒಂದು ತಮಾಷೆ ಇದೆ. 1721ರ ಚೀಟಿಯಲ್ಲಿ ಹೆಸರಿನ ಮಧ್ಯೆ ‘ವಿ’ ಅಕ್ಷರ ಇದೆಯಾ, ‘ಯು’ ಇದೆಯಾ ನೋಡಿ. 1730ರ ಸುಮಾರಿನ ತನಕ ಅವನ ಚೀಟಿಯಲ್ಲಿ ‘ಯು’ ಅಚ್ಚಾಗುತ್ತಿತ್ತು. ಇನ್ನೊಂದು, ಅವನ ಚೀಟಿಯಲ್ಲಿ ಇಸವಿಯ ಕೊನೆಯ ಅಂಕಿಗಳನ್ನು ಕೈಯಲ್ಲೇ ಬರೆಯುತ್ತಿದ್ದರು.

ಕುದುರೆಬಾಲ

ನನ್ನನ್ನು ಕರೆದ ಹಾಗಾಯಿತು!

ಸಂಜೆರಾಗ ಅವರೇ, ಕೂದಲು ಹೋಗಿದೆ ಅಂತ ಕಮಾನು ಎಸೆಯುವುದು, ಚಕ್ರ ಪಂಚರ್ ಆಯಿತು ಅಂತ ಗಾಡಿ ಎಸೆದ ಹಾಗೆ. ಕೂದಲು ಹೇಗಿದ್ದರೂ ಬದಲಾಯಿಸುವ ವಸ್ತು. ನೂರೈವತ್ತರ ಮೇಲೆ ಎಳೆ, ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸಿ, ಬಾಚಿ, ತುದಿ ಕಟ್ಟಿ, ಎರಡೂ ಕಡೆ ಸಣ್ಣ ಮರದ ಬೆಣೆ ಬಡಿದು ಕೂರಿಸುವುದು. ಅದರ ಬೆಲೆ ಇರುವುದು ಕೋಲಿನಲ್ಲಿ.

ಮೊದಲು ಬೇಜಾರಿನ ಸುದ್ದಿ. ‘ಟೂರ್ಟ್’ ಅಂತ ಒತ್ತಿದ್ದರೆ ಅದು ಟೂರ್ಟ್ ಮಾಡಿದ್ದಲ್ಲ ಅಂತಲೇ ಶುರು ಮಾಡಿ. ಪ್ಯಾರಿಸ್ಸಿನ ಹೆಸರಾಂತ ಕಮಾನು ಕಸುಬುದಾರ ಫ್ರಾಂಸ್ವಾ ಕ್ಸಾವಿಯೆ ಟೂರ್ಟ್ ತನ್ನ ಕಮಾನಿಗೆ ಮುದ್ರೆ ಒತ್ತಿದ್ದೇ ಅಪರೂಪ. ಅವನು 1835ರಲ್ಲಿ ತೀರಿಕೊಂಡ ಮೇಲೆ ಅವನ ಹೆಸರು ಒತ್ತಿದ ಕಮಾನುಗಳು ಜರ್ಮನಿಯಿಂದ ಲೆಕ್ಕವಿಲ್ಲದಷ್ಟು ಬಂದವು. ಚೀಟಿಯ ಕಥೆಯೇ ಇಲ್ಲೂ.

ಈಗ ಒಳ್ಳೆಯ ಸುದ್ದಿ. ಮುದ್ರೆ ಸುಳ್ಳಾದರೂ ಕೋಲು ಒಳ್ಳೆಯದಿರಬಹುದು. ಸ್ವಲ್ಪ ಹಿಂದಿನದು ಹೇಳುತ್ತೇನೆ, ತಾಳ್ಮೆ ಇರಲಿ. ಟೂರ್ಟ್‌ಗಿಂತ ಹಿಂದೆ ಕಮಾನು ನಿಜವಾಗಿಯೂ ಬಿಲ್ಲಿನ ಹಾಗೆ ಹೊರಕ್ಕೆ ಬಾಗಿರುತ್ತಿತ್ತು, ಹೆಚ್ಚಾಗಿ ಹಾವಿನ ಮೈಯಂತೆ ಮಚ್ಚೆ ಇರುವ ಸ್ನೇಕ್‌ವುಡ್‌ನಲ್ಲಿ ಮಾಡುತ್ತಿದ್ದರು. ಟೂರ್ಟ್ ಮೊದಲು ಗಡಿಯಾರದ ಕೆಲಸ ಕಲಿತವನು. ಅವನ ಕಾಲದಲ್ಲಿ ಕೋಲು ಒಳಕ್ಕೆ, ಅಂದರೆ ಕೂದಲಿನ ಕಡೆಗೆ ಬಾಗಿತು. ಲಂಡನ್ನಿನ ಜಾನ್ ಡಾಡ್ ಕೂಡ ಅದೇ ಹೊತ್ತಿಗೆ ಅದೇ ದಾರಿಯಲ್ಲಿದ್ದ. ಉದ್ದ 74-75 ಸೆಂಟಿಮೀಟರಿಗೆ ನಿಂತಿತು, ಕೂದಲನ್ನು ರಿಬ್ಬನ್ನಿನ ಹಾಗೆ ಚಪ್ಪಟೆಯಾಗಿ ಹರಡಿ ಹಿಡಿಯಲು ಲೋಹದ ಪಟ್ಟಿ ಬಂತು. ಮರ ಬ್ರೆಜಿಲಿನ ಪೆರ್ನಾಂಬುಕೊ. ಅದು ಯುರೋಪಿಗೆ ಬರುತ್ತಿದ್ದುದು ಬಟ್ಟೆಗೆ ಕೆಂಪು ಬಣ್ಣ ಹಾಕುವುದಕ್ಕೆ. ಕುಟ್ಟಿ ಪುಡಿ ಮಾಡಿ ಬಣ್ಣ ತೆಗೆಯುವ ಮರದ ರಾಶಿಯಲ್ಲಿ ನೇರ ನಾರಿನ ತುಂಡು ಹುಡುಕಿ ಕಮಾನು ಮಾಡಿದ್ದಾರೆ ಆ ಪುಣ್ಯಾತ್ಮರು.

ಮುಖ್ಯವಾದ್ದು: ಆ ಬಾಗು ಕೆತ್ತಿದ್ದಲ್ಲ. ನೇರ ಕೋಲನ್ನು ಒಳಗಿನ ತನಕ ಬಿಸಿಯಾಗುವ ಹಾಗೆ ಕಾಯಿಸಿ, ಅಂಗುಲ ಅಂಗುಲವಾಗಿ ಬಗ್ಗಿಸಿದ್ದು. ಹಾಗೆ ಮಾಡಿದರೆ ನಾರು ಕಡಿಯದೆ ತುದಿಯ ತನಕ ಓಡುತ್ತದೆ. ಬಾಗನ್ನು ಹಲಗೆಯಿಂದ ಕೊಯ್ದು ತೆಗೆದರೆ ನಾರು ಮಧ್ಯೆ ತುಂಡಾಗಿ ಕೋಲು ಸೋಲುತ್ತದೆ. ಕೋಲಿನ ಪಕ್ಕವನ್ನು ಬಿಸಿಲಿಗೆ ಹಿಡಿದು ನೋಡಿ. ನಾರು ಬಾಗಿನ ಜೊತೆಗೇ ಬಾಗಿ ಹೋಗಿದೆಯಾ? ಹಾಗಿದ್ದರೆ ಎಸೆಯುವ ಮಾತೇ ಇಲ್ಲ. ಬಣ್ಣ ಕಿತ್ತಳೆ ಕಡೆಗಿದೆಯಾ, ಚಾಕಲೇಟ್ ಕಡೆಗಿದೆಯಾ ಅಂತಲೂ ಹೇಳಿ.

ಆಮೇಲೆ ತಲೆ. ಕಮಾನಿನ ತಲೆ ನೋಡಿ ಯಾರ ಕೈ ಅಂತ ಹೇಳುವವರಿದ್ದಾರೆ. ಪೆಕಾಟ್‌ನ ತಲೆ ಕೊಡಲಿಯ ಹಾಗೆ ಗಟ್ಟಿ, ಇನ್ನೊಬ್ಬ ಫ್ರೆಂಚ್ ಕಸುಬುದಾರ ವ್ವಾರೆಂ ಮಾಡಿದ್ದು ಹಗುರ, ಬಳುಕು. ಡೊಮಿನಿಕ್ ಪೆಕಾಟ್ ಮಿರೆಕೂರ್‌ನಿಂದ ಬಂದು ಪ್ಯಾರಿಸ್ಸಿನ ಪಿಟೀಲು ವ್ಯಾಪಾರಿ ವುಯೋಮ್ ಅಂಗಡಿಯಲ್ಲಿ ಕೂತು ಕೆಲಸ ಮಾಡಿದವನು, ಎಷ್ಟೋ ಕಮಾನಿನ ಮೇಲೆ ಬಿದ್ದದ್ದು ಧಣಿಯ ಮುದ್ರೆ. ಮುದ್ರೆ ಒಬ್ಬರದು, ಕೈ ಇನ್ನೊಬ್ಬರದು.

ಈಗ ನಿಜವಾದ ಪರೀಕ್ಷೆ. ತಲೆಯ ಹಿಂಬದಿಯಲ್ಲಿ, ಮೇಲಿನಿಂದ ನೋಡಿದಾಗ, ನಡುವೆ ಒಂದು ಸಣ್ಣ ಗೆರೆ ಇದೆಯಾ ನೋಡಿ. ಪಿಟೀಲಿನ ತಲೆಯ ಹತ್ತಿರದ ಜೋಡಣೆ ನಿಮಗೆ ಭಯ ಹುಟ್ಟಿಸಿದೆ. ಭಯ ಪಡಬೇಕಾದ್ದು ಕಮಾನಿನ ತಲೆಯ ಜೋಡಣೆಗೆ. ಅಲ್ಲಿ ಕೂದಲು ಕೂರಿಸಲು ಗುಳಿ ತೋಡಿರುತ್ತಾರೆ, ನಾರು ಅಡ್ಡಕ್ಕೆ ಗಿಡ್ಡವಾಗಿ ನಿಂತಿರುತ್ತದೆ, ಒಮ್ಮೆ ತಲೆ ಕೆಳಗಾಗಿ ಬಿದ್ದರೆ ಟಕ್ ಅಂತ ಹೋಗುತ್ತದೆ. ಆಗ ಗರಗಸದಲ್ಲಿ ಸಣ್ಣ ಸೀಳು ಹಾಕಿ ತೆಳು ಮರದ ಪಟ್ಟಿ ತೂರಿಸಿ ಅಂಟಿಸುತ್ತಾರೆ. ನುಡಿಸಲು ಬರುತ್ತದೆ. ಬೆಲೆಯಲ್ಲಿ ಬಹುಪಾಲು ಹೋಯಿತು ಅಂತಲೇ ಲೆಕ್ಕ.

ಅಡ್ಡಗಾಲು

ಎಲ್ಲ ಓದಿದೆ, ಚೆನ್ನಾಗಿದೆ. ಆದರೂ ಒಂದು ಅಡ್ಡ ಮಾತು. 2012ರಲ್ಲಿ ಪ್ಯಾರಿಸ್ ಹತ್ತಿರ 10 ಮಂದಿ ಹೆಸರಾಂತ ವಾದಕರಿಗೆ ಕಣ್ಣು ಕಾಣದ ಹಾಗೆ ಕಪ್ಪು ಕನ್ನಡಕ ಹಾಕಿಸಿ 6 ಹಳೇ ಇಟಲಿ ಪಿಟೀಲು, 6 ಹೊಸವು ಕೊಟ್ಟರು. ಹಳೆಯವುಗಳಲ್ಲಿ ಸ್ಟ್ರಾಡಿವೇರಿಗಳೂ ಇದ್ದವು. 6 ಮಂದಿ ಆರಿಸಿಕೊಂಡಿದ್ದು ಹೊಸದನ್ನು. ಯಾವುದು ಹಳೆಯದು ಅಂತ ಊಹಿಸಲೂ ಆಗಲಿಲ್ಲ, ನಾಣ್ಯ ಚಿಮ್ಮಿದ ಹಾಗೆ. ಹೀಗಿರುವಾಗ ಸುರುಳಿಯ ಗೆರೆ, ಚೀಟಿಯ ಅಕ್ಷರ ಅಂತ ಭೂತಗನ್ನಡಿ ಹಿಡಿದು ಕೂರುವುದು ಅಂಚೆಚೀಟಿ ಸಂಗ್ರಹದ ಹಾಗಲ್ವಾ? ಸಂಜೆರಾಗ ಅವರೇ, ದನಿ ಚೆನ್ನಾಗಿದೆ ಅಂತ ನೀವೇ ಹೇಳಿದ್ದೀರಿ. ನುಡಿಸಿ. ಮುಗೀತು.

ಮರಗೆಲಸದವ

ಅಡ್ಡಗಾಲು ಸಾಹೇಬ್ರೇ, ಆ ಪರೀಕ್ಷೆಗೆ ನನ್ನ ತಕರಾರಿಲ್ಲ. ಈಗಿನ ಒಳ್ಳೆಯ ಕಸುಬುದಾರರ ಪಿಟೀಲು ಯಾವುದಕ್ಕೂ ಕಡಿಮೆ ಇಲ್ಲ. ಸ್ಟ್ರಾಡಿವೇರಿ ದನಿಗೆ ಕಾರಣ ವಾರ್ನಿಷ್ ಗುಟ್ಟು ಅನ್ನುವ ಕಥೆಯೂ 2009ರಲ್ಲಿ ಸಪ್ಪಗಾಯಿತು. ಫ್ರೆಂಚ್ ತಂಡ ಐದು ಸ್ಟ್ರಾಡಿವೇರಿ ವಾದ್ಯಗಳಿಂದ ಚೂರು ತೆಗೆದು ನೋಡಿದರೆ ಸಿಕ್ಕಿದ್ದು ಒಣಗುವ ಎಣ್ಣೆ, ಅದರ ಮೇಲೆ ಎಣ್ಣೆ ಮತ್ತು ಮರದ ರಾಳ, ಸ್ವಲ್ಪ ಬಣ್ಣ. ಆ ಕಾಲದ ಚಿತ್ರಕಾರರ ಕಪಾಟಿನಲ್ಲಿ ಇರುತ್ತಿದ್ದ ಸಾಮಾನೇ.

ಆದರೆ ಕೇಳಿದ ಪ್ರಶ್ನೆ ದನಿಯದ್ದಲ್ಲ ಅಂತ ಮೊದಲ ಪ್ಯಾರಾದಲ್ಲೇ ಇದೆ. ಗೆರೆ ಏನು ಹೇಳುತ್ತದೆ ಅಂತ ಕೇಳಿದ್ದಾರೆ. ನನಗೂ ಈ ಕೆಲಸದಲ್ಲಿ ರುಚಿ ಇರುವುದು ಅಲ್ಲೇ. ಸ್ಟ್ರಾಡಿವೇರಿಯ ಸುರುಳಿಯ ಬೆನ್ನಿನ ಮೇಲೆ ಕೈವಾರದ ಮುಳ್ಳು ಚುಚ್ಚಿದ ತೂತುಗಳು ಹಾಗೇ ಉಳಿದಿವೆ. ಅಳತೆ ಗುರುತು ಹಾಕಿಕೊಂಡ, ಕೆತ್ತಿದ, ಅಳಿಸಲು ಹೋಗಲಿಲ್ಲ. ಹಿಂಬದಿ ಹಲಗೆಯ ಮೇಲೂ ಕೆಳಗೂ ಒಂದೊಂದು ಸಣ್ಣ ಮರದ ಮೊಳೆ, ಅರ್ಧ ಅಂಚಿನ ಪಟ್ಟಿಯ ಕೆಳಗೆ ಮುಚ್ಚಿಹೋಗಿರುತ್ತದೆ. ಆ ಪಟ್ಟಿ ಇದೆಯಲ್ಲ, ಅಂಚಿನ ಸುತ್ತ ಕರಿ-ಬಿಳಿ-ಕರಿ ಮೂರು ಎಳೆ, ಅದು ಬರೀ ಅಲಂಕಾರ ಅಲ್ಲ. ಅಂಚು ಎಲ್ಲಾದರೂ ತಗುಲಿ ಬಿರುಕು ಬಿಟ್ಟರೆ ಅಲ್ಲೇ ತಡೆಯುವ ಬೇಲಿ. ಮೂಲೆಯಲ್ಲಿ ಎರಡು ಕಡೆಯಿಂದ ಬಂದ ಎಳೆಗಳು ಸೇರಿ ಒಂದು ಚೂಪು ಮುಳ್ಳಾಗಿ ಮೂಲೆಯ ಕಡೆ ಚಾಚುತ್ತವೆ, ಜೇನಿನ ಮುಳ್ಳು ಅನ್ನುತ್ತಾರೆ. ಅದನ್ನು ನೋಡಿದರೆ ಚಾಕು ಹಿಡಿದ ಕೈ ಗೊತ್ತಾಗುತ್ತದೆ. ಅಗ್ಗದ ಪಿಟೀಲಿನಲ್ಲಿ ಅದನ್ನು ಪೆನ್ನಿನಲ್ಲಿ ಬರೆದಿರುತ್ತಾರೆ.

ಗ್ವರ್ನೇರಿ ಡೆಲ್ ಜೆಸು ಇನ್ನೊಂದು ತರಹ. 1744ರಲ್ಲಿ ಸತ್ತ, ಕೊನೆಯ ವರ್ಷಗಳ ಸುರುಳಿಗಳಲ್ಲಿ ಉಳಿಯ ಗಾಯ ಎದ್ದು ಕಾಣುತ್ತದೆ, ಎದೆಯ ಮೇಲಿನ ಎರಡು ಸೀಳುಗಳು ಒಂದರಂತೆ ಇನ್ನೊಂದು ಇಲ್ಲ. ಅವಸರದ ಕೈ. 1743ರದ್ದೊಂದನ್ನು ಹೆಸರಾಂತ ವಾದಕ ಪಗನೀನಿ ಜೀವಮಾನದ ಬಹುಪಾಲು ನುಡಿಸಿ ಜಿನೋವಾ ನಗರಕ್ಕೆ ಬಿಟ್ಟುಹೋದ. ಪರೀಕ್ಷೆಯಲ್ಲಿ ಯಾರು ಗೆದ್ದರೂ ನಾನು ಆ ಉಳಿ ಗಾಯ ನೋಡಲು ಸಾಲಿನಲ್ಲಿ ನಿಲ್ಲುತ್ತೇನೆ.

ಸಂಜೆರಾಗ, ಇನ್ನೆರಡು ನೋಡಿ. ಒಳಗೆ ನಾಲ್ಕು ಮೂಲೆಯಲ್ಲೂ ಮರದ ಕಟ್ಟೆ ಇದೆಯಾ, ಮೇಲ್ಹಲಗೆಯ ಒಳಗಿನ ಉದ್ದ ಪಟ್ಟಿ ಅಂಟಿಸಿದ್ದಾ, ಹಲಗೆಯಲ್ಲೇ ಕೆತ್ತಿ ಬಿಟ್ಟಿದ್ದಾ? ಕಟ್ಟೆ ಇಲ್ಲದೆ, ಪಟ್ಟಿ ಹಲಗೆಯಲ್ಲೇ ಬಿಟ್ಟಿದ್ದರೆ ಅದು ಅಗ್ಗದ ಡಜನ್ ಲೆಕ್ಕದ ಮಾಲು. ಜೊತೆಗೆ ಬೆನ್ನ ಹಲಗೆ ನೋಡಿ. ಒಳಗೆ ಸೌಂಡ್ ಪೋಸ್ಟ್, ಅಂದರೆ ಎರಡು ಹಲಗೆಗಳ ನಡುವಿನ ಸಣ್ಣ ಮರದ ಕಂಬ, ನಿಲ್ಲುವ ಜಾಗದಲ್ಲಿ ಬಿರುಕು ಇದ್ದರೆ ಮಾತ್ರ ನನಗೆ ಹೇಳಿ, ಆಗ ನಿಮ್ಮ ಗೆಳೆಯನ ಮಾತಿಗೆ ಸ್ವಲ್ಪ ಬೆಲೆ ಬರುತ್ತದೆ. ಮತ್ತೆ ದಮ್ಮಯ್ಯ, ಎಲ್ಲಾದರೂ ಅಂಚು ಬಿಟ್ಟಿದ್ದರೆ ಫೆವಿಕಾಲ್ ಹಾಕಬೇಡಿ. ಚರ್ಮ ಬೇಯಿಸಿ ಮಾಡಿದ ಅಂಟನ್ನೇ ಹಾಕಬೇಕು. ಬಿಸಿನೀರು ತಾಗಿಸಿ ತೆಳು ಚಾಕು ಆಡಿಸಿದರೆ ಅದು ಬಿಟ್ಟುಕೊಡುತ್ತದೆ. ಮುನ್ನೂರು ವರ್ಷದ ಪಿಟೀಲನ್ನು ಈವತ್ತೂ ಬಿಚ್ಚಿ ಮುಚ್ಚಲು ಆಗುತ್ತಿರುವುದು ಅದರಿಂದಲೇ.

ಸಂಜೆರಾಗ

ಭಾನುವಾರ ಇಡೀ ಟಾರ್ಚು, ಕನ್ನಡಿ ಹಿಡಿದುಕೊಂಡು ಕಳೆದೆ. ಮನೆಯವರು ಹಲ್ಲಿನ ಡಾಕ್ಟರ್ ಅಂತ ಹೆಸರಿಟ್ಟರು.

ಪಟ್ಟೆಗಳು ಗೆರೆಯ ಹತ್ತಿರ ನಿಲ್ಲುತ್ತವೆ. ಸುರುಳಿಯ ಕಡೆ ಅಗಲ, ಮಬ್ಬು. ಕುತ್ತಿಗೆಯ ಕಡೆ ಒತ್ತೊತ್ತಾಗಿ, ಬೇರೆ ಇಳಿಜಾರಿನಲ್ಲಿ. ಬಿರಡೆ ಪೆಟ್ಟಿಗೆಯ ತಳದ ಬಣ್ಣವೂ ಬೇರೆ. ಎರಡು ಮರವೇ. ಮೂಲೆಯ ಕಟ್ಟೆಗಳು ಕೆಳಗಿನ ಎರಡು ಕನ್ನಡಿಯಲ್ಲಿ ಕಂಡವು, ಮೇಲಿನವು ಸಿಗಲಿಲ್ಲ. ಉದ್ದ ಪಟ್ಟಿ ಅಂಟಿಸಿದ್ದೇ ಅನ್ನಿಸುತ್ತದೆ, ನಾರಿನ ಗೆರೆ ಹಲಗೆಯದ್ದಕ್ಕೆ ಕೂಡುವುದಿಲ್ಲ. ಬೆನ್ನಿನಲ್ಲಿ ಬಿರುಕಿಲ್ಲ. ಚೀಟಿಯಲ್ಲಿ ‘ವಿ’ ಇದೆ, ನಾಲ್ಕು ಅಂಕಿಯೂ ಅಚ್ಚು. ಅದು ಹೋಯಿತು ಬಿಡಿ, ಅದರ ಮೇಲೆ ಆಸೆಯೂ ಇರಲಿಲ್ಲ.

ಕಮಾನಿನ ಮೇಲೆ ಆಸೆ ಹುಟ್ಟಿಸಿದ್ದು ನೀವು! ನಾರು ಬಾಗಿನ ಜೊತೆಗೇ ಹೋಗುತ್ತದೆ. ಧೂಳು ಒರೆಸಿದ ಮೇಲೆ ಬಣ್ಣ ಕಿತ್ತಳೆ ಕಡೆಗೆ, ಒಳಗೆ ಸಣ್ಣ ಕಪ್ಪು ಚುಕ್ಕಿ ಗೀರುಗಳಿವೆ. ಕೈಯಲ್ಲಿ ಹಿಡಿದರೆ ನನ್ನ ಹೊಸದಕ್ಕಿಂತ ಹಗುರ ಅನ್ನಿಸುತ್ತದೆ, ಆದರೆ ಬೆರಳಲ್ಲಿ ತಟ್ಟಿದರೆ ತುದಿಯ ತನಕ ನಡುಗುತ್ತದೆ. ಎರಡು ಗಂಟೆ ಖುಷಿಯಲ್ಲಿದ್ದೆ. ಆಮೇಲೆ ತಲೆಯ ಹಿಂಬದಿ ಒರೆಸಿದೆ. ಹಳೇ ರಾಳ ಕಪ್ಪಾಗಿ ಅಂಟಿತ್ತು, ಅದರ ಕೆಳಗೆ ನೇರವಾಗಿ ಒಂದು ಗೆರೆ. ಪಟ್ಟಿಯ ಮರ ಕೋಲಿಗಿಂತ ಒಂದು ಛಾಯೆ ಕಪ್ಪು.

ಮುರಿದದ್ದು ಇದೇ ಅಂದ ಹಾಗಾಯಿತು.

ಕುದುರೆಬಾಲ

ಅಯ್ಯೋ. ಛೇ.

ಆದರೂ ಕೇಳಿ. ಕಪ್ಪು ಗೀರು, ಕಿತ್ತಳೆ ಬಣ್ಣ, ತುದಿಯ ತನಕ ನಡುಗು, ಇದು ಪೆರ್ನಾಂಬುಕೊ ಅನ್ನಿಸುತ್ತಿದೆ. ಪಟ್ಟಿಯ ಮೇಲೆ ಅಷ್ಟು ರಾಳ ಕೂತಿದೆ ಅಂದರೆ ರಿಪೇರಿ ಆದ ಮೇಲೂ ಯಾರೋ ಬಹಳ ಕಾಲ ನುಡಿಸಿದ್ದಾರೆ. ಸೋದರಮಾವನೇ ಇರಬಹುದು. ಮಾರುವ ಯೋಚನೆ ಬಿಡಿ, ಕೂದಲು ಕಟ್ಟಿಸಿ. ಕಟ್ಟುವವರಿಗೆ ತಲೆಯಲ್ಲಿ ಪಟ್ಟಿ ಇದೆ ಅಂತ ಮೊದಲೇ ಹೇಳಿ, ಬೆಣೆಯನ್ನು ಬಿಗಿಯಾಗಿ ಬಡಿದರೆ ಮತ್ತೆ ಸೀಳುತ್ತದೆ. ಎಳೆ ಸ್ವಲ್ಪ ಕಡಿಮೆ ಹಾಕಿಸಿ. ನುಡಿಸಿದ ಮೇಲೆ ಪ್ರತಿ ಸಲ ಸ್ಕ್ರೂ ಸಡಿಲಿಸಿ.

ತುದಿಯ ಬಿಳಿ ಫಲಕ ದಂತದ್ದಾ, ಮೂಳೆಯದಾ ಅಂತಲೂ ಅವರಿಗೆ ತೋರಿಸಿ. ದಂತವಾಗಿದ್ದರೆ ದೇಶ ದಾಟಿಸುವಾಗ ಕಾಗದಪತ್ರ ಕೇಳುತ್ತಾರೆ. ಪೆರ್ನಾಂಬುಕೊ ಮರವೂ 2007ರಿಂದ ಸೈಟಿಸ್ (ಅಳಿವಿನ ಭಯವಿರುವ ಪ್ರಾಣಿ, ಗಿಡಮರಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, ಕಾಡಿನಲ್ಲಿ ಉಳಿದಿರುವುದು ಕಡಿಮೆ. ಹಾಗಾಗಿ ಹಳೇ ಕೋಲು, ಮುರಿದದ್ದಾದರೂ, ಸುಮ್ನೆ ಎಸೆಯುವುದು ಪಾಪ.

ಅಡ್ಡಗಾಲು

ಕೂದಲು ಕಟ್ಟಿಸಿದ ಮೇಲೆ ಎರಡೂ ಕಮಾನಿನಲ್ಲಿ ಒಂದೇ ಸಾಲು ನುಡಿಸಿ ರೆಕಾರ್ಡ್ ಮಾಡಿ ಹಾಕಿ. ಯಾವುದು ಯಾವುದು ಅಂತ ಹೇಳಬೇಡಿ.